ಕಾರಿನ ಪಾಲಿಸಿ ಕಟ್ಟುವ ದಿನ ಅಪ್ಪ-ಅವ್ವನ ಲೆಕ್ಕವನ್ನೂ ತೆಗೆಯಿರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಹುಟ್ಟಿ, ಈಗ ಬೆಂಗಳೂರು, ಮೈಸೂರು, ಮುಂಬೈಗಳಲ್ಲಿ ದುಡಿಯುತ್ತಿರುವ ಮಕ್ಕಳಿಗೆ,



ನಿಮ್ಮ ನಾಲ್ಕೂ ತಾಲ್ಲೂಕಿಗೆ ಉಪವಿಭಾಗಾಧಿಕಾರಿಯ (ಎ.ಸಿ.) ಕಚೇರಿ ಒಂದೇ, ಪಾಂಡವಪುರದ್ದು. ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದೋ, ಖಾತೆ ತಕರಾರು ಎಂದೋ ಅಪ್ಪನ ಜೊತೆ ಅಲ್ಲಿಗೆ ಅಲೆದವರು ನಿಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಅದೇ ಉಪವಿಭಾಗಾಧಿಕಾರಿ ಇನ್ನೊಂದು ನ್ಯಾಯಮಂಡಳಿಯನ್ನೂ ನಡೆಸುತ್ತಾರೆ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಮಕ್ಕಳು ನೋಡಿಕೊಳ್ಳುತ್ತಿಲ್ಲ ಎಂದು ಅಪ್ಪ-ಅವ್ವ ಅರ್ಜಿ ಕೊಟ್ಟರೆ, ಪಾಲಕರು ಮತ್ತು ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆಯ ಪ್ರಕಾರ ಅದನ್ನು ವಿಚಾರಿಸುವವರು ಅವರೇ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ.

ಅಲ್ಲಿ ಎದುರುದಾರರಾಗಿ ನಿಲ್ಲುವ ಮಕ್ಕಳಿಗೆ ಈ ಪತ್ರವಲ್ಲ, ಅವರಿಗೆ ನೋಟಿಸೇ ಸಾಕು. ಇದು ಒಳ್ಳೆಯ ಮಕ್ಕಳಿಗೆ. ತಿಂಗಳಿಗೊಮ್ಮೆ ತಪ್ಪದೆ ಊರಿಗೆ ಬರುವವರಿಗೆ, ಬರುವಾಗ ಬೇಕರಿ ಪೊಟ್ಟಣ ತಂದು ಹೋಗುವಾಗ ಡಿಕ್ಕಿ ತುಂಬ ತೆಂಗಿನಕಾಯಿ, ಬೆಲ್ಲ, ರಾಗಿ ಹಿಟ್ಟು ತುಂಬಿಕೊಂಡು ಹೋಗುವವರಿಗೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಊರು ಇನ್ನೂ ಹತ್ತಿರವಾಯಿತು. ಬೆಳ್ಳೂರು ಕ್ರಾಸಿನಲ್ಲಿ ಎಡಕ್ಕೆ ಹೊರಳಿದರೆ ನಾಗಮಂಗಲದವರಿಗೆ ಮನೆ ಬಂದಂತೆಯೇ.

ನೀವು ಬರುವ ಆ ಕಾರಿಗೆ ಆರ್‌ಸಿ ಇದೆ, ಹೊಗೆ ಸರ್ಟಿಫಿಕೇಟ್ ಇದೆ, ವರ್ಷಕ್ಕೊಂದು ಇನ್ಶೂರೆನ್ಸ್ ಇದೆ. ಪಾಲಿಸಿ ಮುಗಿಯುವ ತಿಂಗಳು ಬಂತೆಂದರೆ ನಾಲ್ಕು ಕಡೆ ದರ ಕೇಳಿ, ಎಂಟುನೂರು ರೂಪಾಯಿಗಾಗಿ ಏಜೆಂಟರ ಜೊತೆ ಅರ್ಧ ಗಂಟೆ ಚೌಕಾಸಿ ಮಾಡುತ್ತೀರಿ. ಮಾಡಬೇಕಾದದ್ದೇ. ಆದರೆ ನಾಳೆ ಬೆಳಿಗ್ಗೆ ಅಪ್ಪನಿಗೆ ಪಾರ್ಶ್ವವಾಯು ಹೊಡೆದರೆ ಊರಿನಲ್ಲಿ ಯಾರು ಇರುತ್ತೀರಿ, ದುಡ್ಡು ಎಲ್ಲಿಂದ ಬರುತ್ತದೆ, ಬ್ಯಾಂಕಿನಲ್ಲಿ ಯಾರು ಸಹಿ ಹಾಕುತ್ತೀರಿ? ಇದನ್ನು ಅಣ್ಣ-ತಮ್ಮ, ಅಕ್ಕ-ತಂಗಿಯರು ಒಮ್ಮೆಯಾದರೂ ಕೂತು ಮಾತಾಡಿದ ಮನೆಗಳನ್ನು ಈ ನಾಲ್ಕು ತಾಲ್ಲೂಕಿನಲ್ಲಿ ಹುಡುಕಬೇಕು. ಮಾತು ತೆಗೆದರೂ ಅಪ್ಪ-ಅವ್ವನೇ ಬಾಯಿ ಮುಚ್ಚಿಸುತ್ತಾರೆ: "ನಮ್ಗೇನಾದದು ಬುಡ್ಲಾ, ಇನ್ನೊಂದೀಟು ದಿಸ ಕೈಕಾಲು ಆಡ್ತವೆ." ಅದೇ ಅವ್ವ, ನೀವು ಹೊರಡುವಾಗ ಬಾಗಿಲಲ್ಲಿ ನಿಂತು, "ಕಾರ್‌ಗೆ ಇನ್ಸೂರೆನ್ಸ್ ಕಟ್ಟಿದ್ದೀಯೇನ್ಲಾ?" ಎಂದು ಕೇಳಲು ಮರೆಯುವುದಿಲ್ಲ.

ಇಷ್ಟು ದಿನ ಈ ಮಾತಿನ ಅಗತ್ಯ ಬೀಳದಿರಲು ಒಂದು ಕಾರಣವಿತ್ತು. ಹಾಸಿಗೆ ಹಿಡಿದವರನ್ನು ಸೊಸೆ ನೋಡಿಕೊಳ್ಳುತ್ತಿದ್ದಳು. ಯಾರೂ ಅವಳನ್ನು ಕೇಳುತ್ತಿರಲಿಲ್ಲ, ಯಾರೂ ಅವಳಿಗೆ ಸಂಬಳ ಕೊಡುತ್ತಿರಲಿಲ್ಲ. ಆ ವ್ಯವಸ್ಥೆ ಈಗ ಎರಡೂ ಕಡೆಯಿಂದ ಮುರಿದಿದೆ. ಒಂದು ಕಡೆ ಮಗ-ಸೊಸೆ ಊರಿನಲ್ಲಿಲ್ಲ. ಕೆ.ಆರ್. ಪೇಟೆ, ನಾಗಮಂಗಲದ ಎಷ್ಟು ಮನೆಗಳವರು ಮುಂಬೈಯಲ್ಲಿದ್ದಾರೆ ಎಂಬುದು 2020ರ ಮೇ ತಿಂಗಳಲ್ಲಿ, ಕೋವಿಡ್ ಲಾಕ್‌ಡೌನ್ ಸಡಿಲವಾಗಿ ಅಲ್ಲಿಂದ ವಾಪಸು ಬಂದವರ ಸಾಲು ನೋಡಿದಾಗ ಜಿಲ್ಲೆಗೇ ಗೊತ್ತಾಯಿತು. ಇನ್ನೊಂದು ಕಡೆ, ಊರಿನಲ್ಲೇ ಉಳಿದು ಬೇಸಾಯ ಮಾಡುವ ಮಗನಿಗೆ ಹೆಣ್ಣೇ ಸಿಗುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರು ಪಾದಯಾತ್ರೆ ಹೊರಟದ್ದನ್ನು ಟಿ.ವಿ.ಯಲ್ಲಿ ನೋಡಿ ನಕ್ಕವರೇ ಹೆಚ್ಚು. ಹೆಣ್ಣು ಭ್ರೂಣಗಳನ್ನು ಅಳಿಸುತ್ತ ಬಂದ ಜಿಲ್ಲೆಯಲ್ಲಿ ಆ ನಗುವಿಗೆ ಅರ್ಥವಿರಲಿಲ್ಲ. ಆ ಹುಡುಗರ ಅಪ್ಪ-ಅವ್ವಂದಿರಿಗೆ ಎಂಬತ್ತಾಗುವ ಹೊತ್ತಿಗೆ ಗಂಜಿ ಕುಡಿಸುವವರು ಯಾರು ಎಂಬ ಪ್ರಶ್ನೆಯೂ ಅವರ ಜೊತೆಗೇ ಬೆಟ್ಟ ಹತ್ತಿತ್ತು.

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಲೆಕ್ಕದಲ್ಲಿ 2022ರ ಭಾರತದಲ್ಲಿ ನೂರಕ್ಕೆ ಹತ್ತೂವರೆ ಮಂದಿ ಅರವತ್ತು ದಾಟಿದವರು. 2050ಕ್ಕೆ ಅದು ಇಪ್ಪತ್ತೊಂದರ ಹತ್ತಿರ ಬರುತ್ತದೆ. ಆ ಹೊತ್ತಿಗೆ ಅರವತ್ತು ದಾಟಿರುವವರು ಈಗ ಈ ಪತ್ರ ಓದುತ್ತಿರುವ ನೀವೇ.

ನಾಗಮಂಗಲ ತಾಲ್ಲೂಕಿನ ಒಂದು ಮನೆಯನ್ನು ಈ ಪತ್ರ ಬರೆಯುವವರು ಹತ್ತಿರದಿಂದ ಕಂಡಿದ್ದಾರೆ. ಎಪ್ಪತ್ತು ದಾಟಿದ ಯಜಮಾನರು ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೋದವರು ಅಲ್ಲೇ ಕುಸಿದರು. ತಾಲ್ಲೂಕಿನಲ್ಲೇ, ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇರುವುದರಿಂದ ತಡವಾಗಲಿಲ್ಲ, ಜೀವ ಉಳಿಯಿತು. ಮೂವರು ಮಕ್ಕಳು ಓಡಿ ಬಂದರು, ಆಸ್ಪತ್ರೆಯ ಖರ್ಚಿನಲ್ಲಿ ಬಹುಪಾಲನ್ನು ದೊಡ್ಡ ಮಗನ ಮೆಡಿಕ್ಲೇಮ್ ಭರಿಸಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಕಷ್ಟ ಶುರುವಾದದ್ದು ಡಿಸ್ಚಾರ್ಜ್ ಆದ ಮೇಲೆ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲದ ಎಪ್ಪತ್ತು ಕಿಲೋ ತೂಕದ ಮನುಷ್ಯನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಹೊರಳಿಸಬೇಕಾದವರು ಮಂಡಿನೋವಿನ ಅರವತ್ತೆಂಟರ ಹೆಂಡತಿ. ಮೊದಲ ತಿಂಗಳು ಮಕ್ಕಳು ಸರದಿಯಂತೆ ರಜೆ ಹಾಕಿದರು. ಎರಡನೆಯ ತಿಂಗಳು ಹೋಮ್ ನರ್ಸ್ ಬಂದರು. ಅವರ ಸಂಬಳ, ಡೈಪರು, ಫಿಸಿಯೋಥೆರಪಿ, ಏರ್ ಬೆಡ್ ಎಲ್ಲ ಸೇರಿ ಬರೆದಿಟ್ಟ ಬಿಲ್ಲುಗಳನ್ನು ಮಗ ವಿಮಾ ಕಂಪನಿಗೆ ಕಳಿಸಿದ. ನರ್ಸಿನ ಸಂಬಳವಷ್ಟೂ ತಿರಸ್ಕೃತವಾಗಿ ಹಿಂದಕ್ಕೆ ಬಂತು. ಆಮೇಲೆ ಮೂವರ ನಡುವೆ ಆದ ಮಾತುಗಳು ಇಲ್ಲಿ ಬೇಡ.

ಆ ಕಂಪನಿ ಮೋಸ ಮಾಡಲಿಲ್ಲ. ಭಾರತದ ಆರೋಗ್ಯ ವಿಮೆಗಳಲ್ಲಿ ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬುದರ ಏಕರೂಪದ ಪಟ್ಟಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಮಾಡಿದೆ. ನಿಮ್ಮ ಪಾಲಿಸಿಯ ಹಿಂದಿನ ಪುಟಗಳಲ್ಲಿ ‘ಎಕ್ಸ್‌ಕ್ಲೂಷನ್ 05’ ಎಂದಿರುವುದನ್ನು ಓದಿ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಎಬ್ಬಿಸಿ ಓಡಾಡಿಸುವುದು ಇವಕ್ಕಾಗಿ ಮನೆಯಲ್ಲೋ ಆರೈಕೆ ಕೇಂದ್ರದಲ್ಲೋ ಇಟ್ಟುಕೊಳ್ಳುವ ಸಹಾಯಕರ ಖರ್ಚು ಬರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಸರ್ಕಾರದ ಯೋಜನೆಗಳೂ ಆಸ್ಪತ್ರೆಯ ಗೇಟಿನವರೆಗೇ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಸಹಕಾರ ಸಂಘದ ರೈತರಿಗಾಗಿ ಹುಟ್ಟಿದ ‘ಯಶಸ್ವಿನಿ’ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿಯಂತೆ ಕಟ್ಟಿಸಿಕೊಂಡು 5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶ ಮಾಡಿತು. ಇಷ್ಟು ಅಗ್ಗದ್ದನ್ನು ಬಿಡುವುದು ದಡ್ಡತನ. ಎಪ್ಪತ್ತು ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ರಕ್ಷಣೆಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ಕೊಟ್ಟಿತು. ಆದರೆ ಇವೆಲ್ಲ ಶಸ್ತ್ರಚಿಕಿತ್ಸೆಗೆ, ವಾರ್ಡಿಗೆ. ಮನೆಗೆ ಬಂದ ಮೇಲಿನ ವರ್ಷಗಳಿಗಲ್ಲ. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ಇಂಥ ಆರೈಕೆಗೆಂದೇ ಕಡ್ಡಾಯ ವಿಮೆ ಇದೆ. ಜಪಾನಿನಲ್ಲಿ ನಲವತ್ತು ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ನಮ್ಮಲ್ಲಿ ಅಂಥದ್ದು ಬರುವವರೆಗೆ ಆ ನಿಧಿಯನ್ನು ಮನೆಯವರೇ ಕಟ್ಟಬೇಕು. ಸಹಾಯಕರಿಗೆ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ವರ್ಷಕ್ಕೆ 9,60,000. ಔಷಧಿ ಬೇರೆ.

ಇಲ್ಲೊಂದು ವಿಚಿತ್ರವಿದೆ. ಆರೋಗ್ಯ ವಿಮೆ ಮುಟ್ಟದ ಈ ಸಹಾಯಕರ ಸಂಬಳವನ್ನು ವಾಹನ ವಿಮೆ ಮುಟ್ಟುತ್ತದೆ. ಅಪ್ಪ-ಅಮ್ಮನ ಜೊತೆ ಟ್ರಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಯೊಬ್ಬಳಿಗೆ ಲಾರಿ ಗುದ್ದಿ, ಆಕೆ ಜೀವನಪೂರ್ತಿ ಇನ್ನೊಬ್ಬರ ಆರೈಕೆಯಲ್ಲೇ ಇರಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಪರಿಹಾರವನ್ನು ಲೆಕ್ಕ ಹಾಕುವಾಗ ಹಗಲಿಗೊಬ್ಬರು ರಾತ್ರಿಗೊಬ್ಬರು ಸಹಾಯಕರು ಬೇಕೆಂದು ತೀರ್ಮಾನಿಸಿ, ಇಬ್ಬರಿಗೂ ಸೇರಿ ತಿಂಗಳಿಗೆ 10,000 ರೂಪಾಯಿಯಂತೆ 18 ವರ್ಷದ ಗುಣಕ ಹಿಡಿದು, ಅದೊಂದೇ ಬಾಬ್ತಿಗೆ 21,60,000 ರೂಪಾಯಿ ಕೊಡಿಸಿತು. ದೀರ್ಘ ಕಾಲದ ಆರೈಕೆಯನ್ನು ರೂಪಾಯಿಯಲ್ಲಿ ಎಣಿಸುವ ಅಭ್ಯಾಸ ಈ ದೇಶದಲ್ಲಿ ಬೆಳೆದಿರುವುದು ಮೋಟಾರು ಅಪಘಾತದ ನ್ಯಾಯಮಂಡಳಿಗಳಲ್ಲಿ. ಆದ್ದರಿಂದ ಕಾರಿನ ಪಾಲಿಸಿಯಲ್ಲಿ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದು ಬರೀ ಕಾರಿನ ವಿಷಯವಲ್ಲ.

ಉಳಿಸಬಾರದ್ದು ಮೊದಲು. ಕಾರು ಏಳೆಂಟು ವರ್ಷ ಹಳೆಯದಾದ ಮೇಲೆ "ಫುಲ್ ಇನ್ಶೂರೆನ್ಸ್ ಯಾಕೆ, ಥರ್ಡ್ ಪಾರ್ಟಿ ಸಾಕು" ಎನ್ನುವುದು ನಿಮ್ಮಲ್ಲಿ ಬಹಳ ಜನರ ಜಾಣತನ. ಪೊಲೀಸರು ಹಿಡಿದರೆ ತೋರಿಸಲು ಅದು ಸಾಕು. ಅದೂ ಇಲ್ಲದಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಆದರೆ ನಿಮ್ಮ ತಪ್ಪಿನಿಂದಲೇ ಕಾರು ಮರಕ್ಕೆ ಗುದ್ದಿ, ಹಿಂದಿನ ಸೀಟಿನಲ್ಲಿದ್ದ ಅವ್ವನ ಸೊಂಟ ಮುರಿದರೆ? ಬರೀ ಥರ್ಡ್ ಪಾರ್ಟಿ ಪಾಲಿಸಿ ರಸ್ತೆಯಲ್ಲಿ ಹೋಗುವ ಅಪರಿಚಿತನನ್ನು ಕಾಯುತ್ತದೆ, ಬಾಡಿಗೆ ಕೊಡದೆ ನಿಮ್ಮ ಕಾರಿನಲ್ಲಿ ಕೂತ ನಿಮ್ಮ ಮನೆಯವರನ್ನು ಕಾಯುವುದಿಲ್ಲ. ಫುಲ್ ಇನ್ಶೂರೆನ್ಸ್, ಅಂದರೆ ಪ್ಯಾಕೇಜ್ ಪಾಲಿಸಿ, ಇದ್ದರೆ ಕಾರಿನೊಳಗಿನವರ ಹೊಣೆಯೂ ಕಂಪನಿಯದೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ನೀವು ಮೂರು-ನಾಲ್ಕು ಸಾವಿರ ಉಳಿಸಿದೆವು ಎಂದುಕೊಂಡ ಕಡೆ ಕೈಬಿಟ್ಟದ್ದು ಅವ್ವನನ್ನು.

ಇದು ದೂರದ ಭಯವೂ ಅಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ನಟ ಅಂಬರೀಷ್ ತೀರಿಕೊಂಡದ್ದೂ ಅದೇ ರಾತ್ರಿಯಾದ್ದರಿಂದ ಮಂಡ್ಯದ ಜನಕ್ಕೆ ಆ ದಿನ ಮರೆಯುವಂಥದ್ದಲ್ಲ. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಹೋದರು. ನಾಲೆಯ ಏರಿಯ ಮೇಲೆ ನೀವು ರಾತ್ರಿ ಎಷ್ಟು ಸಲ ಕಾರು ಓಡಿಸಿದ್ದೀರಿ ಎಂಬುದು ನಿಮಗೇ ಗೊತ್ತು. ಈಗ ಇಂಥ ಅಪಘಾತದಲ್ಲಿ ಬದುಕಿ ಉಳಿದವರಿಗೆ ಕೇಂದ್ರ ಸರ್ಕಾರ 2025ರ ಮೇನಲ್ಲಿ ತಂದ ಯೋಜನೆಯಡಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಎಂಟನೇ ದಿನದಿಂದ ನಿಮ್ಮ ಕಾಗದಗಳೇ ಗತಿ.

ಕಾರು ಅಪ್ಪನ ಹೆಸರಿನಲ್ಲಿ ಇರುವ ಮನೆಗಳು ಇನ್ನೊಂದನ್ನು ಗಮನಿಸಬೇಕು. ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ‘ಮಾಲೀಕ-ಚಾಲಕ’ನಿಗೆ ಮಾತ್ರ. ಅಪ್ಪನಿಗೆ ಡಿ.ಎಲ್. ಇಲ್ಲದಿದ್ದರೆ ಅವರಿಗೆ ಅದು ಅನ್ವಯಿಸದು, ಓಡಿಸುವ ಮಗ ಮಾಲೀಕನಲ್ಲ. ಬೇರೊಬ್ಬರ ಬೈಕು ತೆಗೆದುಕೊಂಡು ಹೊರಟು ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಎತ್ತಿನಗಾಡಿಗೆ ಗುದ್ದಿ ಸತ್ತ ಒಬ್ಬರ ಪ್ರಕರಣದಲ್ಲಿ, ಕೇಳಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತಂತೆ, ಆದ್ದರಿಂದ ಅವನನ್ನು ಥರ್ಡ್ ಪಾರ್ಟಿಯೆಂದು ಎಣಿಸಲಾಗದು ಎಂಬ ಅರ್ಥದ ತೀರ್ಪನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಕೊಟ್ಟಿತು. ಇಂಥ ಮನೆಗಳು ಚಾಲಕ ಮತ್ತು ಪ್ರಯಾಣಿಕರ ಅಪಘಾತ ವಿಮೆಯನ್ನು ಪಾಲಿಸಿಗೆ ಸೇರಿಸಿಕೊಳ್ಳಲಿ, ಅದರ ಕಂತು ದೊಡ್ಡದಲ್ಲ. ಬ್ಯಾಂಕ್ ಖಾತೆಯಿಂದಲೇ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ 2 ಲಕ್ಷದ ರಕ್ಷಣೆ. ಅಪ್ಪನಿಗೆ ಎಪ್ಪತ್ತಾಗುವವರೆಗಾದರೂ ಅದು ನಡೆಯಲಿ. ಹಾಗೆಯೇ, ವೈಟ್ ಬೋರ್ಡ್ ಕಾರನ್ನು ಪಕ್ಕದ ಮನೆಯವರ ಧರ್ಮಸ್ಥಳ-ತಿರುಪತಿ ಯಾತ್ರೆಗೆ ಬಾಡಿಗೆಗೆ ಬಿಟ್ಟು ಎರಡು ಸಾವಿರ ಗಳಿಸುವುದನ್ನು ನಿಲ್ಲಿಸಿ. ಅಪಘಾತವಾದ ದಿನ ‘ಬಾಡಿಗೆಗೆ ಓಡಿಸಿದ್ದು’ ಎಂಬ ಒಂದು ಸಾಲು ಸಾಕು, ಕ್ಲೇಮು ಬಿದ್ದುಹೋಗುತ್ತದೆ.

ಇನ್ನು ನಿಜವಾಗಿ ಉಳಿಸುವ ಜಾಗಗಳು. ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡುವಂಥದ್ದು. 2022ರ ಜೂನ್‌ನ ಆದೇಶದಲ್ಲಿ 1,000 ಸಿಸಿವರೆಗಿನ ಕಾರಿಗೆ 2,094, 1,500 ಸಿಸಿವರೆಗೆ 3,416, ಅದಕ್ಕೂ ಮೇಲ್ಪಟ್ಟದ್ದಕ್ಕೆ 7,897 ರೂಪಾಯಿ ಎಂದಿತ್ತು. ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಚೌಕಾಸಿ ನಡೆಯುವುದು ನಿಮ್ಮ ಕಾರಿನ ಸ್ವಂತ ಹಾನಿಗೆ ಕಟ್ಟುವ ಭಾಗದಲ್ಲಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮು ಮಾಡದಿದ್ದರೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ ಶೇ 50 ಕಡಿತ. ಎರಡು ಸಾವಿರದ ಗೀರಿಗೆ ಕ್ಲೇಮು ಮಾಡಿದಿರೋ, ಅದಷ್ಟೂ ಸೊನ್ನೆಗೆ ಇಳಿಯುತ್ತದೆ. ಹತ್ತು ಸಾವಿರದ ಕಂತಿನಲ್ಲಿ ಐದು ಸಾವಿರ ಬಿಟ್ಟುಕೊಟ್ಟು ಎರಡು ಸಾವಿರ ಪಡೆದ ಲೆಕ್ಕ ಅದು. ಊರಿನ ಸಂತೆಯಲ್ಲಿ ಯಾರೂ ಇಂಥ ವ್ಯಾಪಾರ ಮಾಡುವುದಿಲ್ಲ, ನಗರದ ಸರ್ವೀಸ್ ಸೆಂಟರಿನಲ್ಲಿ ದಿನವೂ ನಡೆಯುತ್ತದೆ. ಈ ಬೋನಸ್ಸು ಕಾರಿನದಲ್ಲ, ನಿಮ್ಮದು. ಹಳೆಯ ಕಾರು ಮಾರುವಾಗ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಹೊಸ ಕಾರಿಗೆ ಬರುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಹೋಯಿತು.

ಶೋರೂಮಿನವರು ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. 2019ರ ಸೆಪ್ಟೆಂಬರ್‌ನಿಂದ ಸ್ವಂತ ಹಾನಿಯ ಪಾಲಿಸಿಯನ್ನು ಬೇರೆ ಕಂಪನಿಯಿಂದ ಬಿಡಿಯಾಗಿಯೂ ಕೊಳ್ಳಬಹುದು. ವಾರವಿಡೀ ಮೆಟ್ರೊದಲ್ಲಿ ಓಡಾಡಿ, ಊರಿಗೆ ಬರಲು ಮಾತ್ರ ಕಾರು ತೆಗೆಯುವವರಿಗೆ ಓಡಿಸಿದಷ್ಟಕ್ಕೆ ಕಟ್ಟುವ ಪಾಲಿಸಿ ಹೊಂದುತ್ತದೆ. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಎರಡು ಕಾರು ಇದ್ದರೆ 15 ಲಕ್ಷದ ಅಪಘಾತ ವಿಮೆಯನ್ನು ಎರಡಕ್ಕೂ ಕಟ್ಟಬೇಕಿಲ್ಲ, ಮಾಲೀಕನಿಗೆ ಒಂದು ಸಾಕು. ಸವಕಳಿ ಕಳೆಯದೆ ಹಣ ಕೊಡುವ ‘ಬಂಪರ್ ಟು ಬಂಪರ್’ ರಕ್ಷಣೆ ಹೊಸ ಕಾರಿಗೆ ಸರಿ, ಎಂಟು ವರ್ಷದ ಕಾರಿಗೆ ಯಾಕೆ ಎಂದು ಯೋಚಿಸಿ. ಹಾನಿಯ ಮೊದಲ ಐದು ಸಾವಿರವನ್ನು ತಾನೇ ಭರಿಸುತ್ತೇನೆ ಎಂದು ಬರೆದುಕೊಟ್ಟರೆ ಕಂತು ಇನ್ನಷ್ಟು ಇಳಿಯುತ್ತದೆ.

ಹೀಗೆ ಉಳಿಯುವುದು ಎಷ್ಟು? ವರ್ಷಕ್ಕೆ ಆರು ಸಾವಿರ ಎಂದುಕೊಳ್ಳಿ. ತಿಂಗಳಿಗೆ 500ರಂತೆ ಶೇ 6.7ರ ಬಡ್ಡಿಯಲ್ಲಿ ಅಂಚೆ ಕಚೇರಿಯ ಆರ್.ಡಿ. ಕಟ್ಟಿದರೆ ಐದು ವರ್ಷಕ್ಕೆ 35 ಸಾವಿರ ದಾಟುತ್ತದೆ. ಸುಳ್ಳು ಆಸೆ ಹುಟ್ಟಿಸುವುದು ಬೇಡ, ಹೋಮ್ ನರ್ಸಿನ ಎರಡು ತಿಂಗಳ ಸಂಬಳಕ್ಕೂ ಅದು ಬಾರದು. ಆದರೆ ಏರ್ ಬೆಡ್, ವೀಲ್ ಚೇರ್, ಕಮೋಡ್ ಚೇರ್, ಬಚ್ಚಲಿನ ಗೋಡೆಗೊಂದು ಕಂಬಿ, ಇಷ್ಟಕ್ಕೆ ಧಾರಾಳ. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡೇ ಎಷ್ಟೋ ಹಿರಿಯರು ಹಾಸಿಗೆ ಹಿಡಿಯುತ್ತಾರೆ, ಆ ಕಂಬಿಯನ್ನು ಈ ತಿಂಗಳೇ ಹಾಕಿಸಬಹುದು. ದೊಡ್ಡ ಮೊತ್ತ ಬೇರೆ ಕಡೆಯಿಂದ ಬರಬೇಕು. ಮಕ್ಕಳು ಮೂವರಿದ್ದರೆ ತಲಾ ಎರಡು ಸಾವಿರ ಹಾಕುವ ಜಂಟಿ ಖಾತೆಯಿಂದ, ಹೆದ್ದಾರಿಗೆ ಜಮೀನು ಹೋಗಿ ಬಂದ ಪರಿಹಾರದಿಂದ. ಆ ಪರಿಹಾರ ಎಷ್ಟೋ ಮನೆಗಳಲ್ಲಿ ದೊಡ್ಡ ಕಾರಾಗಿ ಬಾಗಿಲಲ್ಲಿ ನಿಂತಿರುವುದನ್ನು ಎಲ್ಲರೂ ನೋಡಿದ್ದೀರಿ. ಅಪ್ಪ-ಅವ್ವನ ಹೆಸರಿನಲ್ಲಿ ಹಣವಿದ್ದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ.

ಆರೋಗ್ಯ ವಿಮೆ ಇಲ್ಲದವರು ವಯಸ್ಸಾಯಿತೆಂದು ಸುಮ್ಮನಿರಬೇಡಿ. 65 ದಾಟಿದವರಿಗೆ ಕೊಡುವುದಿಲ್ಲ ಎಂಬ ಮಿತಿ 2024ರ ಏಪ್ರಿಲ್‌ನಿಂದ ಹೋಗಿದೆ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿ.ಪಿ.ಗೆ ಕಾಯಿಸುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿ.ಎಸ್.ಟಿ. ಇಲ್ಲ, ಕಾರಿನ ವಿಮೆಗೆ ಶೇ 18 ಇದ್ದೇ ಇದೆ. ಈ ವ್ಯತ್ಯಾಸದಲ್ಲಿ ಸರ್ಕಾರದ್ದೂ ಒಂದು ಬುದ್ಧಿ ಕಾಣಿಸುತ್ತದೆ.

ಕಾಗದಗಳ ಮಾತು ಕಷ್ಟದ್ದು, ಆದರೂ ಆಡಬೇಕು. ಅಪ್ಪ ಕೈ ಬಿದ್ದು ಮಲಗಿದರೆ ಅವರ ಖಾತೆಯಲ್ಲಿರುವ ಅವರದೇ ದುಡ್ಡು ಅವರ ಔಷಧಿಗೆ ಸಿಗದೆ ಒದ್ದಾಡುವ ಮನೆಗಳಿವೆ. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ ಅವ್ವನ ಹೆಸರನ್ನು ಸೇರಿಸಿದ ಜಂಟಿ ಖಾತೆ ಈಗಲೇ ಆಗಲಿ. ಜಮೀನನ್ನು ಮಕ್ಕಳಿಗೆ ದಾನಪತ್ರ ಮಾಡುವ ಹಿರಿಯರಿಗೆ 2007ರ ಕಾಯ್ದೆಯ 23ನೇ ಕಲಮನ್ನು ನೀವೇ ತಿಳಿಸಿ ಹೇಳಿ. ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲಿದ್ದು, ಮಕ್ಕಳು ತಪ್ಪಿದರೆ ಆ ದಾನವನ್ನು ರದ್ದು ಮಾಡಿಸಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿಯೇ ಓದಬೇಕೆಂದಿತು. ನಿಮ್ಮ ವಿರುದ್ಧದ ಷರತ್ತನ್ನು ನೀವೇ ಬರೆಸಿಕೊಡುವುದಕ್ಕಿಂತ ದೊಡ್ಡ ಧೈರ್ಯ ಅವರಿಗೆ ಇನ್ನೊಂದಿಲ್ಲ. ವೆಂಟಿಲೇಟರಿನ ಮೇಲೆ ಎಷ್ಟು ದಿನ ಇರಬೇಕು ಎಂಬುದನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಅಂಥ ಮುಂಗಡ ಪತ್ರ ಮಾಡಲು 2023ರಿಂದ ದಾರಿ ಸುಲಭವಾಗಿದೆ, ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಇನ್ನು ಕೋರಿಕೆಗಳು. ಕಾರಿನ ಪಾಲಿಸಿ ನವೀಕರಿಸುವ ವಾರವೇ ಅಣ್ಣ-ತಮ್ಮ, ಅಕ್ಕ-ತಂಗಿಯರು ಒಟ್ಟಿಗೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಯಾರು ಎಷ್ಟು ಹಾಕುತ್ತೀರಿ, ಯಾರು ಎಷ್ಟು ದಿನ ಬಂದು ಇರುತ್ತೀರಿ, ನರ್ಸನ್ನು ಯಾವಾಗ ಕರೆಯುತ್ತೀರಿ. ಹೆಣ್ಣುಮಕ್ಕಳನ್ನು ಬರೀ ಆರೈಕೆಗೆ ಕರೆದು ಲೆಕ್ಕ ಬರೆಯುವಾಗ ಹೊರಗಿಡಬೇಡಿ. ಊರಿನಲ್ಲೇ ಉಳಿದು ದಿನವೂ ಗಂಜಿ ಕುಡಿಸುವ ತಮ್ಮನಿಗೆ, ಅವನ ಹೆಂಡತಿಗೆ ಅದಕ್ಕಾಗಿ ತಿಂಗಳ ಹಣ ಕೊಡಿ. ಅವರು ಬೇಡವೆಂದರೂ ಕೊಡಿ. ಹಿರಿಯರ ಸಹಾಯವಾಣಿ 14567ನ್ನು ಅವ್ವನ ಫೋನಿನಲ್ಲಿ ಸೇವ್ ಮಾಡಿ.

ಬೆಂಗಳೂರು, ಮುಂಬೈಗಳಲ್ಲಿ ನಿಮ್ಮ ತಾಲ್ಲೂಕಿನ ಸಂಘಗಳಿವೆ, ವರ್ಷಕ್ಕೊಮ್ಮೆ ಶಾಮಿಯಾನ ಹಾಕಿಸಿ ಸನ್ಮಾನ ನಡೆಸುತ್ತೀರಿ. ಒಂದು ವರ್ಷದ ಶಾಲು-ಹಾರದ ದುಡ್ಡಿನಲ್ಲಿ ಕಿಕ್ಕೇರಿ, ಬೂಕನಕೆರೆ, ಮೇಲುಕೋಟೆ, ಅರಕೆರೆಯಂಥ ಊರುಗಳಲ್ಲಿ ಒಂದೊಂದು ಕೊಠಡಿ ಮಾಡಿ, ನಾಲ್ಕು ಏರ್ ಬೆಡ್, ನಾಲ್ಕು ವೀಲ್ ಚೇರ್, ಎರಡು ಆಮ್ಲಜನಕದ ಯಂತ್ರ ಇಡಿ. ಬೇಕಾದವರು ಒಯ್ದು ಬಳಸಿ ವಾಪಸು ತಂದಿಡಲಿ. ಒಬ್ಬರ ಮನೆಯಲ್ಲಿ ಕೆಲಸ ಮುಗಿದ ಮಂಚ ಅಟ್ಟದಲ್ಲಿ ಧೂಳು ತಿನ್ನುತ್ತಿರುವಾಗಲೇ ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಅದನ್ನೇ ಸಾಲ ಮಾಡಿ ಕೊಳ್ಳುತ್ತಿರುತ್ತಾರೆ.

ಪಿತೃಪಕ್ಷಕ್ಕೆ ನೀವೆಲ್ಲ ಬಂದೇ ಬರುತ್ತೀರಿ. ಹೋದವರಿಗೆ ಎಡೆ ಇಟ್ಟು, ಊಟ ಮುಗಿಸಿ, ಮರುದಿನ ಬೆಳಗಿನ ಜಾವ ಹೊರಡುವ ಮುಂಚೆ ಒಂದು ಗಂಟೆ ಇರುವವರಿಗಾಗಿ ಕೂರಿ. ಅಪ್ಪನ ಔಷಧಿಯ ಚೀಟಿ, ಆಧಾರ್, ಪಾಸ್‌ಬುಕ್, ಯಶಸ್ವಿನಿ ಕಾರ್ಡು, ಪಹಣಿಯ ನಕಲು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಸಿ, ಚೀಲ ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ಪಕ್ಕದ ಮನೆಯ ಒಬ್ಬರಿಗೂ ಗೊತ್ತಿರಲಿ ಎಂದು ವಿನಂತಿ.

ಇಂತಿ,
ತಮ್ಮ ವಿಶ್ವಾಸಿ,
ಪಾಂಡವಪುರ ಉಪವಿಭಾಗದ ಒಬ್ಬ ಅಂಕಣಕಾರ